ಸ್ಪಷ್ಟನೆ: ಗಣಿಯ ಕ್ಯಾನರಿ ಹಕ್ಕಿ ದಿನಾ ಸಾಯುತ್ತಿರಲಿಲ್ಲ

ಬ್ರಿಟನ್ನಿನ ಹಳೆಯ ಕಲ್ಲಿದ್ದಲು ಊರುಗಳ ನೆನಪು ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಗಣಿಯವರು ಮೀಥೇನ್ ಅನ್ನೋ ಹೊತ್ತಿಕೊಳ್ಳುವ ಅನಿಲದ ಪತ್ತೆಗೆ ದಿನಾ ಒಂದು ಕ್ಯಾನರಿ ಹಕ್ಕಿಯನ್ನು ಬಲಿ ಕೊಡುತ್ತಿದ್ದರಂತೆ. ಹೋದ ವಾರ ನಾನೂ ಇದನ್ನು ಹಂಚಿದ್ದೆ. ತಪ್ಪಾಯಿತು.

ಹಕ್ಕಿ ಬೇಕಿದ್ದದ್ದು ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲದ ಪತ್ತೆಗೆ, ಅದೂ ಹೆಚ್ಚಾಗಿ ಸ್ಫೋಟ, ಬೆಂಕಿ ಆದಮೇಲೆ. ಮೀಥೇನ್ ಇದ್ದರೆ ಸುರಕ್ಷಾ ದೀಪದ ಉರಿಯೇ ತೋರಿಸುತ್ತಿತ್ತು. ಹಕ್ಕಿ ಕುಸಿದರೆ ಆಮ್ಲಜನಕ ಕೊಟ್ಟು ಉಳಿಸುವ ಪಂಜರಗಳೂ ಇದ್ದವು. ಅಂಥದ್ದೊಂದು ಮ್ಯಾಂಚೆಸ್ಟರಿನ ಮ್ಯೂಸಿಯಂನಲ್ಲಿದೆ. 1986ರಲ್ಲಿ ಅನಿಲ ಪತ್ತೆ ಮಾಡುವ ಎಲೆಕ್ಟ್ರಾನಿಕ್ ಯಂತ್ರಗಳನ್ನು ತರುವ ಸಲುವಾಗಿ 200ಕ್ಕೂ ಜಾಸ್ತಿ ಹಕ್ಕಿಗಳನ್ನು ಕೈಬಿಡುವ ತೀರ್ಮಾನವಾಯಿತು. ಗಣಿಯವರಿಗೆ ಬೇಜಾರಾಯಿತು. ಶಿಳ್ಳೆ ಹಾಕಿ ಮಾತಾಡಿಸುತ್ತಿದ್ದ ಹಕ್ಕಿಗಳು ಅಲ್ವಾ!

ಆ ಮೆಸೇಜನ್ನು ಸುಮ್ನೆ ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅಳಿಸಿಬಿಡಿ.