ಬಟನ್ ಒತ್ತಿದ್ದು ಅವಳ ತಪ್ಪು, ಕಥೆಯ ತಪ್ಪಲ್ಲ

ಮೊದಲೇ ಹೇಳಿಬಿಡುತ್ತೇನೆ. 'ತ್ರೀ ಬಾಡಿ ಪ್ರಾಬ್ಲಮ್' ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಪೂರ್ತಿ ಸ್ಪಾಯ್ಲರ್. ನೆಟ್‌ಫ್ಲಿಕ್ಸ್‌ಗೆ ಬಂದಿದ್ದು 2024ರ ಮಾರ್ಚ್‌ನಲ್ಲಿ, ಮೊದಲ ಸೀಸನ್ನಿನಲ್ಲಿ ಇರುವುದೇ ಎಂಟು ಎಪಿಸೋಡು. ಚೀನಾದ ವಿಜ್ಞಾನಿ ಯೆ ವೆನ್‌ಜಿಯೆ ಬಾಹ್ಯಾಕಾಶಕ್ಕೆ ಸಂದೇಶ ಕಳಿಸುತ್ತಾಳೆ, ಅನ್ಯಗ್ರಹದಿಂದ ಉತ್ತರ ಬರುತ್ತದೆ, ಅಲ್ಲಿಂದ ಕಥೆ. ಇನ್ನೂ ನೋಡಿಲ್ಲ ಅಂದರೆ ನಾನೇನು ಮಾಡಲಿ.

ಭಾನುವಾರ ಬೆಳಿಗ್ಗೆ ಜಯನಗರದ ಒಂದು ದರ್ಶಿನಿಯಲ್ಲಿ ಬಾಮೈದನ ಜೊತೆ ನಿಂತು ಖಾಲಿ ದೋಸೆ ತಿನ್ನುತ್ತಿದ್ದೆ. ಹಿಂದಿನ ರಾತ್ರಿಯಷ್ಟೇ ಸೀರೀಸ್ ಮುಗಿಸಿದ್ದ, ಮೈಯೆಲ್ಲ ಸಿಟ್ಟು. "ಭಾವ, ಆ ಹೆಂಗಸಿಗೆ ತಲೆ ಕೆಟ್ಟಿದ್ಯಾ? ಉತ್ತರ ಕೊಡಬೇಡ, ಕೊಟ್ರೆ ನಮ್ಮವರು ಬಂದು ನಿಮ್ಮನ್ನ ಮುಗಿಸ್ತಾರೆ ಅಂತ ಆ ಕಡೆಯವನೇ ಹೇಳ್ತಾನೆ. ಆದ್ರೂ ಕೊಟ್ಲು. ಲಾಜಿಕ್ಕೇ ಇಲ್ಲ." ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಹುಡುಗನೊಬ್ಬ, ನಮಗೆ ಗುರುತೂ ಇಲ್ಲ ಪರಿಚಯವೂ ಇಲ್ಲ, "ಹೌದು ಸರ್, ನನಗೂ ಅಲ್ಲೇ ತಲೆ ಕೆಟ್ಟಿದ್ದು" ಅಂತ ಸೇರಿಕೊಂಡ. ಇಬ್ಬರೂ ಒಂದು ಪಕ್ಷ, ನಾನೊಬ್ಬನೇ ಇನ್ನೊಂದು.

ಅಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯೆ ವೆನ್‌ಜಿಯೆ ಉತ್ತರ ಕಳಿಸುವ ಆ ಬಟನ್ ಒತ್ತಿದ್ದು ತಪ್ಪು, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಪಾತ್ರ ತಪ್ಪು ಮಾಡುವುದು ಬೇರೆ, ಕಥೆ ತಪ್ಪುವುದು ಬೇರೆ. ಇವಳ ಬದುಕು ನೋಡಿ. 1966ರಲ್ಲಿ, ಚೀನಾದ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿನಲ್ಲಿ, ಭೌತಶಾಸ್ತ್ರ ಕಲಿಸುತ್ತಿದ್ದ ಅಪ್ಪನನ್ನು ಸಾವಿರಾರು ಜನರ ಮುಂದೆ ಹೊಡೆದು ಕೊಲ್ಲುತ್ತಾರೆ. ಅದೇ ವೇದಿಕೆಯಲ್ಲಿ ಅಮ್ಮ ನಿಂತು ಗಂಡನ ವಿರುದ್ಧ ಮಾತಾಡುತ್ತಾಳೆ. ಮಗಳನ್ನು ಮರ ಕಡಿಯುವ ಕ್ಯಾಂಪಿಗೆ ಕಳಿಸುತ್ತಾರೆ. ಅಲ್ಲಿ ನಂಬಿದ ಒಬ್ಬನೇ ಒಬ್ಬ ಮನುಷ್ಯ, ತನ್ನ ತಲೆ ಉಳಿಸಿಕೊಳ್ಳಲು ಇವಳನ್ನು ಹಿಡಿದುಕೊಡುತ್ತಾನೆ. ಆಮೇಲೆ ಬೆಟ್ಟದ ಮೇಲಿನ ಆಂಟೆನಾ ಕೇಂದ್ರ. ಅಲ್ಲಿಂದ ಒಂದು ಸಂದೇಶ ಕಳಿಸಿ ಸುಮ್ಮನೆ ಕೂರುವುದು.

ಈ ಕೂರುವುದು ಅನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿತೋ ಇಲ್ಲವೋ ಅಂತ ಎಲ್ಲರೂ ಟಿವಿ ಮುಂದೆ ಉಗುರು ಕಚ್ಚುತ್ತಾ ಕೂತಿದ್ದೆವಲ್ಲ, ಆವತ್ತು ಸಿಗ್ನಲ್ ಭೂಮಿಗೆ ಬರಲು ಹಿಡಿದಿದ್ದು ಸುಮಾರು 12 ನಿಮಿಷ. ಬೆಂಗಳೂರಿನ ಹೊರಗೆ ನಮ್ಮ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾದವರಿಗೆ ಆ 12 ನಿಮಿಷವೇ ಯುಗ ಆಗಿರಬೇಕು. ಇವಳಿಗೆ ಉತ್ತರ ಬಂದ ನಕ್ಷತ್ರಗುಂಪು, ಆಲ್ಫಾ ಸೆಂಟಾರಿ, ಇರುವುದು ನಾಲ್ಕು ಬೆಳಕಿನ ವರ್ಷಕ್ಕಿಂತ ಸ್ವಲ್ಪ ಆಚೆ. ಹೋಗಿ ಬರುವುದಕ್ಕೆ ಎಂಟು ವರ್ಷ. ಎಂಟು ವರ್ಷ ಆ ಬೆಟ್ಟದ ಮೇಲೆ, ಒಳಗೆ ಅಷ್ಟು ನೋವು ಇಟ್ಟುಕೊಂಡು ಕೂತವಳ ಮುಂದೆ "ಉತ್ತರ ಕೊಡಬೇಡ" ಅಂತ ಬಂದರೆ ಅವಳಿಗೆ ಅದು ಎಚ್ಚರಿಕೆ ಅಂತ ಕೇಳಿಸುತ್ತದಾ? ಯಾರೋ ಬರುತ್ತಾರೆ ಅಂತ ಕೇಳಿಸುತ್ತದೆ.

ನಮ್ಮ ಶಿರಸಿ ಕಡೆ ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಧರ್ಮರಾಯ ಒಂದು ಸಲ ಎಲ್ಲ ಸೋತು, ಹೆಂಡತಿಗೆ ಸಭೆಯಲ್ಲಿ ಅಷ್ಟೆಲ್ಲ ಆಗಿ, ಎಲ್ಲ ವಾಪಸ್ ಸಿಕ್ಕ ಮೇಲೂ ಮತ್ತೆ ಜೂಜಿಗೆ ಹೋಗಿ ಕೂರುತ್ತಾನೆ. ಪ್ಲಾಟ್ ಹೋಲ್ ಅಂತ ಯಾರೂ ಎದ್ದು ಹೋಗುವುದಿಲ್ಲ. ಅರ್ಥಧಾರಿ ಅರ್ಧ ರಾತ್ರಿ ಅದಕ್ಕೇ ಕಾರಣ ಕೊಡುತ್ತಾನೆ, ಎದುರಿನವನು ಒಂದೊಂದನ್ನೇ ಕೆಡವುತ್ತಾನೆ. ನಾವು ಕೇಳುವುದೇ ಅದನ್ನು.

ಹಾಗಾದರೆ ಈ ಸೀರೀಸಿನಲ್ಲಿ ಲಾಜಿಕ್ ತಪ್ಪೇ ಇಲ್ಲವಾ? ಇದೆ, ಬೇಕಾದಷ್ಟಿದೆ. ಆದರೆ ಬಾಮೈದ ತೋರಿಸಿದ ಕಡೆ ಇಲ್ಲ.

ಆ ಸಾನ್-ಟಿಗಳಿಗೆ, ಅಂದರೆ ಆ ಅನ್ಯಗ್ರಹದವರಿಗೆ, ಸುಳ್ಳು ಅಂದರೆ ಏನಂತಲೇ ಗೊತ್ತಿಲ್ಲ. ಭೂಮಿಯಲ್ಲಿ ಅವರ ಪರ ನಿಂತ ಎವಾನ್ಸ್ ಅನ್ನುವವನು ಮಕ್ಕಳ ಕಥೆ ಓದಿ ಹೇಳುವಾಗ, ತೋಳ ಅಜ್ಜಿಯ ಹಾಗೆ ನಟಿಸಿತು ಅನ್ನುವುದೇ ಅವರಿಗೆ ಅರ್ಥ ಆಗುವುದಿಲ್ಲ. ಅರ್ಥ ಆದ ಮೇಲೆ ಮನುಷ್ಯರನ್ನು ಕಂಡು ಹೆದರುತ್ತಾರೆ. ಆ ದೃಶ್ಯ ನೋಡುವಾಗ ನನಗೆ ಮೈ ಜುಂ ಅಂದಿತ್ತು. ಎರಡು ದಿನ ಬಿಟ್ಟು ಸ್ನಾನ ಮಾಡುವಾಗ ಹೊಳೆಯಿತು: ಅಲ್ಲ ಸ್ವಾಮಿ, ಅದಕ್ಕೆ ಮೊದಲೇ ನೀವು ಭೂಮಿಯ ಕಣವೇಗವರ್ಧಕಗಳೆಲ್ಲ (ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಯಂತ್ರಗಳು) ಸುಳ್ಳು ಫಲಿತಾಂಶ ಕೊಡುವ ಹಾಗೆ ಮಾಡಿದ್ದಿರಲ್ಲ? ವಿಜ್ಞಾನಿಗಳ ಕಣ್ಣಲ್ಲಿ ಇಲ್ಲದ ಅಂಕಿ ಓಡಿಸಿದಿರಿ. ಆಕಾಶದ ನಕ್ಷತ್ರಗಳನ್ನೆಲ್ಲ ಮಿಟುಕಿಸಿದಿರಿ. ಇದು ಸುಳ್ಳಲ್ಲದೆ ಇನ್ನೇನು? ಕಥೆ ತನ್ನದೇ ನಿಯಮ ಮುರಿಯುವುದು ಅಂದರೆ ಇದು. ಇದಕ್ಕೆ ಸಮಾಧಾನ ಹೇಳುವವರೂ ಇದ್ದಾರೆ: ಯಂತ್ರ ಕೆಡಿಸುವುದು ಬೇರೆ, ಮಾತಲ್ಲಿ ಸುಳ್ಳು ಹೇಳುವುದು ಬೇರೆ ಅಂತ. ನನಗೆ ಒಪ್ಪಿಗೆ ಇಲ್ಲ.

ಕಥೆಯ ಮುಖ್ಯ ಪಾತ್ರಗಳಾದ ಐದು ಜನ ಆಕ್ಸ್‌ಫರ್ಡ್ ಗೆಳೆಯರ ವಿಷಯವೂ ಅಷ್ಟೇ. ಒಬ್ಬಳು ನ್ಯಾನೋ ದಾರ ಮಾಡುತ್ತಾಳೆ, ಒಬ್ಬಳು ನೌಕೆಯ ಲೆಕ್ಕ ಹಾಕುತ್ತಾಳೆ, ಒಬ್ಬನ ಮೆದುಳು ಆಕಾಶಕ್ಕೆ ಹೋಗುತ್ತದೆ, ಒಬ್ಬ ಭೂಮಿಯನ್ನೇ ಉಳಿಸಬೇಕಾದವನು. ಎಂಟು ನೂರು ಕೋಟಿ ಜನರಲ್ಲಿ ಒಂದೇ ಗ್ಯಾಂಗು! ಸೀರೀಸಿಗೆ ಮೂಲವಾದ, ಲ್ಯು ತ್ಸಿಶಿನ್ ಬರೆದ ಕಾದಂಬರಿಗಳಲ್ಲಿ ಇವರೆಲ್ಲ ಒಂದೇ ಗುಂಪಿನ ಗೆಳೆಯರಲ್ಲ. ಟಿವಿಗೆ ತರುವಾಗ ಎಲ್ಲರನ್ನೂ ಒಂದೇ ಮನೆಗೆ ತಂದು ಕೂರಿಸಿದ್ದಾರೆ, ನಮ್ಮ ಸಂಜೆ ಧಾರಾವಾಹಿಗಳ ಹಾಗೆ. ನೋಡುವುದಕ್ಕೆ ಅನುಕೂಲ, ಅದಕ್ಕೆ ನಾನೂ ಜಾಸ್ತಿ ಕಿರಿಕ್ ಮಾಡಲ್ಲ.

ಇನ್ನು ಹೆಸರಿನಲ್ಲೇ ಇರುವ ಆ ಮೂರು ಸೂರ್ಯಗಳು, ಸಾನ್-ಟಿಗಳ ಊರನ್ನು ಹೇಳದೆ ಕೇಳದೆ ಸುಡುವ, ಹೆಪ್ಪುಗಟ್ಟಿಸುವ ಸೂರ್ಯಗಳು. ನಿಜವಾದ ಆಲ್ಫಾ ಸೆಂಟಾರಿಯಲ್ಲೂ ಮೂರು ನಕ್ಷತ್ರ ಇರುವುದು ಹೌದು. ಆದರೆ ಎರಡು ಮಾತ್ರ ಜೋಡಿಯಾಗಿ ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯದು, ಪ್ರಾಕ್ಸಿಮಾ, ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 13,000 ಪಟ್ಟು ಆಚೆ ತನ್ನ ಪಾಡಿಗೆ ತಾನಿದೆ. ಆ ಜೋಡಿಯ ತಂಟೆಗೇ ಬರುವುದಿಲ್ಲ. ಯಾವ ಸೂರ್ಯ ಯಾವಾಗ ಬರುತ್ತಾನೋ ಗೊತ್ತಿಲ್ಲ ಅನ್ನುವ ಗಲಾಟೆ ಅಲ್ಲಿಲ್ಲ. ಅಂದರೆ ಊರು ಬಿಟ್ಟು ನಮ್ಮ ಕಡೆ ಹೊರಡಲು ಅವರಿಗಿದ್ದ ಕಾರಣವೇ ಸಡಿಲ. ಯೆ ವೆನ್‌ಜಿಯೆಗೆ ಇದ್ದ ಕಾರಣ ಅದಕ್ಕಿಂತ ಸಾವಿರ ಪಟ್ಟು ಗಟ್ಟಿ. ಬಾಮೈದ ಬೈಯಬೇಕಾಗಿದ್ದು ಯಾರನ್ನ, ಬೈದಿದ್ದು ಯಾರನ್ನ!

ನಿನ್ನೆ ರಾತ್ರಿ ಅವನನ್ನು ತಾರಸಿಗೆ ಕರೆದುಕೊಂಡು ಹೋದೆ. ಮೇ ತಿಂಗಳಲ್ಲಿ ರಾತ್ರಿ ಹತ್ತರ ಮೇಲೆ ಬೆಂಗಳೂರಿನಿಂದ ಆಲ್ಫಾ ಸೆಂಟಾರಿ ಕಾಣುತ್ತದೆ, ದಕ್ಷಿಣಕ್ಕೆ, ತೀರಾ ಕೆಳಗೆ, ಸುಮಾರು 16 ಡಿಗ್ರಿ ಎತ್ತರದಲ್ಲಿ. ಸರಿಯಾಗಿ ಅಲ್ಲೇ ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು. ಇಬ್ಬರೂ ತಾರಸಿಯ ಈ ಮೂಲೆಯಿಂದ ಆ ಮೂಲೆಗೆ ಓಡಾಡಿದೆವು. ಕೊನೆಗೆ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಬಗ್ಗಿ ನಿಂತರೆ ಟ್ಯಾಂಕಿನ ಪಕ್ಕದಲ್ಲಿ ಸಿಕ್ಕಿತು. ಬರಿಗಣ್ಣಿಗೆ ಒಂದೇ ಚುಕ್ಕಿ.

ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ, "ಭಾವ, ಸರಿ, ಅವಳ ವಿಷಯ ಬಿಟ್ಟೆ. ಆದ್ರೆ ಸುಳ್ಳೇ ಗೊತ್ತಿಲ್ಲದವರು, ವಿಜ್ಞಾನಿಗಳಿಗೆ ಕೊಡೋ ಆ ಗೇಮ್ ಹೆಡ್‌ಸೆಟ್‌ನಲ್ಲಿ ಅಷ್ಟು ವೇಷ ಕಟ್ಟಿದ್ದು ಹೇಗೆ?" ಅಂದ.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಗೊತ್ತಿರುವವರು ಕಾಮೆಂಟಲ್ಲಿ ಹೇಳಿ.