ಗೋಧಿಯೂ ಮುಸುರೆಯೇ

ಕಳೆದ ಡಿಸೆಂಬರಿನಲ್ಲಿ ಅಮ್ಮ ಹಾಸನದಿಂದ ನೆದರ್ಲೆಂಡ್ಸಿನ ಉಟ್ರೆಕ್ಟ್‌ಗೆ, ನಮ್ಮ ಮನೆಗೆ ಬಂದಾಗ ಡಬ್ಬದ ತುಂಬ ಕೋಡುಬಳೆ ತಂದಿದ್ದರು. "ಅಕ್ಕಿ ಹಿಟ್ಟಿನದು ಕಣೋ, ಮಗು ಧಾರಾಳವಾಗಿ ತಿನ್ನಬಹುದು" ಎಂದರು. ಕೆದಕಿ ಕೇಳಿದೆ. ಗರಿಗರಿಯಾಗಲೆಂದು ಒಂದು ಹಿಡಿ ಚಿರೋಟಿ ರವೆ ಸೇರಿತ್ತು. ಇಂಗೂ ಇತ್ತು, ಅಂಗಡಿಯ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೇ ಬೆರೆಸಿರುತ್ತಾರೆ. ನಾನು ಡಬ್ಬ ಮುಚ್ಚಿಟ್ಟೆ. ಅಮ್ಮನ ಮುಖ ಬಾಡಿತು.

ನನ್ನ ಒಂಬತ್ತು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ಅವಳ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಇದಕ್ಕೆ ಪಥ್ಯವೇ ಔಷಧ, ಅದೂ ಜೀವನಪೂರ್ತಿ. ಈ ಪಥ್ಯದ ಮೂಲ ನಾವಿರುವ ದೇಶದಲ್ಲೇ ಇದೆ. 1944-45ರ ಬರಗಾಲದ ಚಳಿಗಾಲದಲ್ಲಿ ಇಲ್ಲಿ ಬ್ರೆಡ್ಡೇ ಸಿಗದಿದ್ದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿದೊಡನೆ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅದನ್ನು ಗಮನಿಸಿ, ಗೋಧಿ ಬಿಟ್ಟ ಪಥ್ಯದ ಬಗ್ಗೆ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರೌಢಪ್ರಬಂಧ ಒಪ್ಪಿಸಿದರು.

ಅದಕ್ಕೋ ಏನೋ, ಇಲ್ಲಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯಾಕೆ ಮಗಳಿಗೆ ಏನಾದರೂ ಕೊಡುವ ಮುನ್ನ ಪೊಟ್ಟಣದ ಹಿಂಬದಿಯನ್ನು ನನಗೇ ಓದಲು ಕೊಡುತ್ತಾರೆ. ಊರಿಗೆ ಹೋದರೆ ಪ್ರೀತಿಯಿಂದಲೇ "ಒಂದು ಚೂರು ತಿಂದರೆ ಏನಾಗುತ್ತದೆ, ಪಾಪ" ಎನ್ನುತ್ತಾರೆ. ಆ ಪ್ರೀತಿಯ ಎದುರು ಬೇಡವೆನ್ನುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಆದರೂ ಹೇಳಬೇಕು: ಆ ಒಂದು ಚೂರಿನಿಂದಲೇ ಆಗುತ್ತದೆ. ಗ್ಲುಟನ್ ಇಲ್ಲವೆಂದು ಬರೆಯಬೇಕಾದರೆ ಯುರೋಪಿನಲ್ಲೂ ಭಾರತದಲ್ಲೂ ಕಾನೂನಿನ ಮಿತಿ ಒಂದೇ, ಕಿಲೋಗೆ 20 ಮಿಲಿಗ್ರಾಂ. ಕಾಗದದ ಮೇಲೆ ನಾವು ಹಿಂದಿಲ್ಲ.

ಆದರೆ ಇಲ್ಲಿನ ಅಂಗಡಿಯ ಗ್ಲುಟನ್‌ರಹಿತ ಬಿಸ್ಕತ್ತನ್ನು ನಾನು ಮೆಚ್ಚಲಾರೆ. ನಾನು ಕೊಂಡ ಪೊಟ್ಟಣಗಳಲ್ಲಿ ಹೆಚ್ಚಿನವು ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ತಾಳೆ ಎಣ್ಣೆ, ಅಂಟಿಗೆ ಝಾಂಥನ್ ಗಮ್. ಕರುಳಿಗೆ ಅಪಾಯವಿಲ್ಲ, ನಿಜ. ಬೆಳೆಯುವ ಮಗುವಿಗೆ ಅಷ್ಟೇ ಸಾಕೇ? ರಾಗಿಯಲ್ಲಿ ಹುಟ್ಟಿನಿಂದಲೇ ಗ್ಲುಟನ್ ಇಲ್ಲ. ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂ ಮೀರಿದ ಸುಣ್ಣದಂಶವಿದೆ. ಅಂಥ ಧಾನ್ಯದ ಸೀಮೆಯಿಂದ ಬಂದವನು ಪಿಷ್ಟದ ಬಿಲ್ಲೆಗೆ ದುಡ್ಡು ಕೊಡಬೇಕೇ ಎನಿಸಿ ನಾನೇ ರಾಗಿ ಬಿಸ್ಕತ್ತು ಮಾಡಲು ಓವನ್ನಿನ ಮುಂದೆ ನಿಂತೆ.

ಮೊದಲ ಸಲ ಕೈಯಲ್ಲಿ ಹಿಡಿದೊಡನೆ ಉದುರಿ ಮರಳಾಯಿತು. ಗೋಧಿಯ ಜಿಗುಟು ಇಲ್ಲದ ಹಿಟ್ಟಿಗೆ ಬೇರೆ ಬಂಧ ಬೇಕು. ಪರಿಹಾರ ನಮ್ಮ ಕಡೆಯದರಲ್ಲೇ ಸಿಕ್ಕಿತು: ಹುರಿಹಿಟ್ಟು ಮತ್ತು ಅಗಸೆ. ರಾಗಿಗೆ ನೀರು ಚಿಮುಕಿಸಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಚೆನ್ನಾಗಿ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿದರೆ ಚಟಪಟನೆ ಅರಳುತ್ತದೆ. ಅದನ್ನು ಬೀಸಿದ ಹಿಟ್ಟು ಆಗಲೇ ಬೆಂದಿರುವುದರಿಂದ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿಗೆ ಐವತ್ತು ಗ್ರಾಂ ಹುರಿಹಿಟ್ಟು, ಐವತ್ತು ಗ್ರಾಂ ಹುರಿದ ಕಡಲೆಕಾಯಿ ಬೀಜದ ತರಿ, ಬೆಲ್ಲ ಎಂಬತ್ತು, ತುಪ್ಪ ಎಂಬತ್ತು, ಏಲಕ್ಕಿ, ಚಿಟಿಕೆ ಉಪ್ಪು. ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದರೆ ಲೋಳೆಯಾಗುತ್ತದೆ, ಅದೇ ಅಂಟು. ಕಲಸಿ ಅರ್ಧ ಗಂಟೆ ಬಿಟ್ಟರೆ ರಾಗಿಯ ತರಿತರಿ ಹೋಗುತ್ತದೆ. 170 ಡಿಗ್ರಿಯಲ್ಲಿ ಹನ್ನೆರಡು, ಹದಿಮೂರು ನಿಮಿಷ ಸಾಕು. ಹೊರತೆಗೆದಾಗ ಮೆತ್ತಗಿರುತ್ತದೆ, ಮುಟ್ಟಬಾರದು. ಆರಿದ ಮೇಲೆ ಗಟ್ಟಿಯಾಗುತ್ತದೆ.

ಹಿಟ್ಟು ಮಾತ್ರ ಮನೆಯಲ್ಲೇ ಆಗಬೇಕು. ಇಲ್ಲಿನ ಭಾರತೀಯ ಅಂಗಡಿಯ ರಾಗಿ ಹಿಟ್ಟಿನ ಪೊಟ್ಟಣದ ಮೇಲೆ 'ಗೋಧಿ ಸೇರಿರಬಹುದು' ಎಂಬ ಎಚ್ಚರಿಕೆ ಇತ್ತು. ಹಾಗಾಗಿ ಇಡೀ ರಾಗಿ ತಂದು ಜರಡಿ ಹಿಡಿಯುತ್ತೇನೆ. ರಾಗಿ ಸಣ್ಣದು, ಕೆಳಗಿಳಿಯುತ್ತದೆ. ಗೋಧಿ ಮೇಲೆಯೇ ಉಳಿಯುತ್ತದೆ. ಅಮ್ಮ ಇಲ್ಲಿದ್ದಾಗ ಒಮ್ಮೆ ಅರ್ಧ ಕಿಲೋದಲ್ಲಿ ಮೂರು ಕಾಳು ಸಿಕ್ಕವು. ಅಮ್ಮನ ಅಂಗೈಯಲ್ಲಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿ, "ಅಂದರೆ ಗೋಧಿ ಮುಟ್ಟಿದ ಕೈ ಮುಸುರೆ ಕೈ ಅನ್ನು" ಎಂದರು.

ವೈದ್ಯರ ಕರಪತ್ರ ತಲುಪಿಸದಿದ್ದುದನ್ನು ಆ ಒಂದು ಪದ ತಲುಪಿಸಿತು. ಅನ್ನದ ಸೌಟು ಮುಟ್ಟಿದ ಕೈ ಮುಸುರೆಯೆಂದು, ಅದನ್ನು ತೊಳೆಯದೆ ತುಪ್ಪದ ಗಿಂಡಿ ಮುಟ್ಟದವರು ನನ್ನ ಅಮ್ಮ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟದ್ದು ನಮ್ಮ ಅಪರಾಧ, ಅದನ್ನು ನಾನು ಮರೆಯುವುದಿಲ್ಲ. ನಾನು ಹೇಳುತ್ತಿರುವುದು ಕೇವಲ ಪಾತ್ರೆಯ, ಸೌಟಿನ ಮಾತು. ಆ ಎಚ್ಚರ ನಮ್ಮ ಅಡುಗೆಮನೆಗೆ ಹೊಸದಲ್ಲ. ಮರುದಿನವೇ ಅಮ್ಮ ಮಗಳ ಮಣೆ, ಲಟ್ಟಣಿಗೆ, ಮಿಕ್ಸಿ ಜಾರುಗಳಿಗೆ ಕೆಂಪು ದಾರ ಕಟ್ಟಿದರು.

ಊರಿನಲ್ಲಿ ನನ್ನ ಚಿಂತೆ ಹಿಟ್ಟಿನ ಗಿರಣಿಯದು. ನಮಗಿಂತ ಮೊದಲು ಬಂದವರ ಗೋಧಿ ಬಿದ್ದ ಅದೇ ಕಲ್ಲಿಗೆ ನಮ್ಮ ರಾಗಿ ಬೀಳುತ್ತದೆ, ಅಂಚಿನಲ್ಲಿ ಬಿಳಿ ಹಿಟ್ಟು ಹಾಗೇ ಕೂತಿರುತ್ತದೆ. ಆದರೆ ಮೆಣಸಿನಕಾಯಿಗೆ ಬೇರೆ ಯಂತ್ರವಿಟ್ಟ ಗಿರಣಿಗಳು ನಮ್ಮಲ್ಲಿವೆ. ಹಿಟ್ಟಿಗೆ ಖಾರ ತಾಗಬಾರದೆಂದು ಯಾರೂ ಕಾನೂನು ಮಾಡಬೇಕಾಗಿ ಬರಲಿಲ್ಲ. ರಾಗಿ, ಜೋಳ, ಅಕ್ಕಿಗೆ ಮಾತ್ರ ಮೀಸಲಾದ ಯಂತ್ರ ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಇರಲಿ ಎಂಬುದು ನನ್ನ ಕೋರಿಕೆ. ಅಮ್ಮ ಹಾಸನಕ್ಕೆ ಮರಳಿದ ವಾರವೇ ತಮ್ಮ ಬೀದಿಯ ಗಿರಣಿಯವರನ್ನು ಕೇಳಿ ಬಂದಿದ್ದಾರೆ.