ಏರು ಹತ್ತೋ ಗಟಾರ

ಲಡಾಖಿಗೆ ಹೋಗಿ ಬಂದೋರ ಮೊಬೈಲಿನ್ಯಾಗ ಒಂದ ವಿಡಿಯೋ ಇದ್ದ ಇರತೈತಿ ನೋಡ್ರಿ. ಲೇಹ್‌ದಿಂದ ಸುಮಾರು 30 ಕಿಲೋಮೀಟರ್, ಕಾರ್ಗಿಲ್ ಕಡೆ ಹೋಗೋ ಹೈವೇದಾಗ ಮ್ಯಾಗ್ನೆಟಿಕ್ ಹಿಲ್ ಅಂತ ಬೋರ್ಡ್ ಹಚ್ಯಾರ, ಗಾಡಿ ನ್ಯೂಟ್ರಲ್ ಮಾಡಿ ಬ್ರೇಕ್ ಬಿಟ್ರ ತಾನಾಗೇ ಏರು ಹತ್ತಿದಂಗ ಕಾಣತೈತಿ, ಒಳಗ ಕುಂತೋರು ಹೋ ಅಂತ ಒದರತಾರ. ಗುಡ್ಡದಾಗ ಆಯಸ್ಕಾಂತ ಐತಂತ. ಹಂಗಿದ್ರ ಕಿಸೇದಾಗಿನ ಕೀಲಿ ಯಾಕ ಹಾರಿ ಹೋಗಲಿಲ್ಲ ಅಂತ ಮಾತ್ರ ಕೇಳಬ್ಯಾಡ್ರಿ, ಪ್ಯಾಕೇಜಿಗೆ ರೊಕ್ಕ ಸುರದ ಬಂದಾರ, ಸಿಟ್ಟ ಬರತೈತಿ.

ಅದು ಏರೇ ಅಲ್ಲ, ಇಳಿಜಾರ. ಸುತ್ತ ಗುಡ್ಡ ನಿಂತು ದಿಗಂತ ಕಾಣದಂಗ ಆಗತೈತಿ, ಜೋರ ಇಳಿಜಾರದ ಬಾಜೂಕ ಸಣ್ಣ ಇಳಿಜಾರ ಬಂತಂದ್ರ ಕಣ್ಣು ಅದನ್ನ ಏರು ಅಂತ ತಿಳ್ಕೋತೈತಿ. 2003ರಾಗ ಇಟಲಿಯ ವಿಜ್ಞಾನಿಗಳು ಟೇಬಲ್ ಮ್ಯಾಲ ಪುಟ್ಟ ರೋಡ್ ಮಾಡಿ ಇದನ್ನ ತೋರಸ್ಯಾರ. ಸ್ಕಾಟ್ಲೆಂಡಿನ ಎಲೆಕ್ಟ್ರಿಕ್ ಬ್ರೇ ಅನ್ನೋ ಇಂಥಾದ್ದ ಒಂದ ರೋಡಿನ್ಯಾಗಂತೂ ಇಲ್ಲಿ 86ಕ್ಕ 1ರ ಇಳಿಜಾರ ಐತಿ, ಉಲ್ಟಾ ಕಾಣೋದು ಕಣ್ಣಿನ ಮೋಸ ಅಂತ ಕಲ್ಲಿನ ಮ್ಯಾಲ ಬರದ ನಿಲ್ಲಿಸ್ಯಾರ. ಅಲ್ಲಿ ನೀರು ಸುರುವಿದ್ರೂ ಹಂಗ 'ಏರತೈತಿ', ನೀರಿಗೆ ಯಾವ ಮ್ಯಾಗ್ನೆಟ್ರಿ?

ಇಷ್ಟಕ್ಕ ವಿಜಯಪುರದ ಮಂದಿ ಅಷ್ಟ ದೂರ ಹೋಗೋ ಖರ್ಚ ಯಾಕ. ನಮ್ಮ ಓಣ್ಯಾಗ ಹೊಸಾ ಗಟಾರ ಕಟ್ಯಾರ, ಕಾಗದದ ಮ್ಯಾಲ ನೀರು ಮನಿ ಕಡಿಂದ ನಾಲಾಕ್ಕ ಹೋಗತೈತಿ, ಮಳಿ ಬಿದ್ದ ಕೂಡಲೆ ನಾಲಾದಿಂದ ಸೀದಾ ಅಡಗಿ ಮನಿಗೆ ಬರತೈತಿ. ಗೌಂಡಿನ್ನ ಕೇಳಿದ್ರ, "ಲೆವಲ್ ಬರೋಬ್ಬರಿ ಐತ್ರಿ ಕಾಕಾ, ನಿಮ್ಮ ಮನೀನ ತಗ್ಗಿನ್ಯಾಗ ಐತಿ" ಅಂತಾನ. ಲೆವಲ್ ಪೈಪ್ ಎಲ್ಲೋ ತಮ್ಮಾ ಅಂದ್ರ, "ಪೈಪ್ ಯಾಕ್ರಿ, ಇಪ್ಪತ್ತ ವರ್ಷ ಪಳಗಿದ ಕಣ್ಣ ಐತಿ." ಸಾಹೇಬ್ರು ಚೆಕಿಂಗಿಗೆ ಬಂದದ್ದು ಬ್ಯಾಸಗ್ಯಾಗ. ಒಣ ಗಟಾರ ಯಾವ ಕಡೆ ಇಳದೈತಿ ಅಂತ ದೇವರಿಗೂ ಗೊತ್ತಾಗಂಗಿಲ್ಲ ಬಿಡ್ರಿ, ಒಂದ ಕೊಡಾ ನೀರ ಸುರುವಿದ್ರ ಸಾಕಿತ್ತು, ಆದ್ರ ಬಿಸಲ ಭಾಳ ಇತ್ತು, ಫೋಟೋ ಹೊಡದ್ರು, ಬಿಲ್ ಪಾಸ್ ಆತು.

ಇದ ಊರಾಗ ಆದಿಲ್‌ಶಾಹಿ ಕಾಲದಾಗ ತೊರವಿಯಿಂದ, ಬೇಗಂ ತಲಾಬದಿಂದ ನೆಲದೊಳಗ ಕೊಳವಿ ಹಾಕಿ ಪ್ಯಾಟಿಗೆ ನೀರ ತಂದಿದ್ರು. ಮೋಟರ್ ಇಲ್ಲ, ಕರೆಂಟ್ ಇಲ್ಲ, ಬರೇ ಇಳಿಜಾರ, ಒತ್ತಡ ತಡಕೊಳ್ಳಾಕ ನಡುನಡುವ ಗಂಜ್ ಅನ್ನೋ ನೀರಿನ ಗೋಪುರ. ಆ ಗಂಜ್ ಕೆಲವು ಇನ್ನೂ ನಿಂತಾವ. ಅವರ ಕಡೆ ಲೇಸರೂ ಇರಲಿಲ್ಲ, ವಾಟ್ಸಾಪಿನ್ಯಾಗ ಹಾಕಾಕ ಫೋಟೋನೂ ಇರಲಿಲ್ಲ ಪಾಪ.

ನನ್ನ ಕೇಳಿದ್ರ ಗೋಲಗುಮ್ಮಟ ನೋಡಾಕ ಬಂದೋರನ್ನ ಟಾಂಗಾದಾಗ ಕೂಡಿಸ್ಕೊಂಡ ನಮ್ಮ ಓಣಿಗೆ ತರಬೇಕು, ಟಿಕೆಟ್ ಇಡಬೇಕು, ಲಡಾಖದಾಗ ಏರಿದಂಗ ಕಾಣತೈತಿ ಅಷ್ಟ, ಇಲ್ಲಿ ಚಪ್ಪಲಿ ತೇಲೋದು ಖರೇನ ನೋಡಬಹುದು. ಆದ್ರ ಲಗೂ ಬರಬೇಕು, ಯಾಕಂದ್ರ ಕಂಪ್ಲೇಂಟ್ ಭಾಳ ಹೋಗಿ ಈಗ ಗಟಾರ ಹಂಗ ಬಿಟ್ಟು ರೋಡ್ ಎತ್ತರ ಮಾಡ್ತಾರಂತ. ಅದ ಗೌಂಡಿ ನಿನ್ನೆ ಬಂದು ಒಂದ ಕಣ್ಣ ಮುಚ್ಚಿ ಲೆವಲ್ ನೋಡಿ ಹೋಗ್ಯಾನ.